ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಎಬ್ಬಿಸಿ ನಡೆಸುವವರು ಯಾರು?

ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೇಳುತ್ತ ವರ್ಷಗಳೇ ಕಳೆದವು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ತೀರಿಕೊಂಡಾಗ ಈ ಕೂಗು ಜೋರಾಯಿತು. ಆಸ್ಪತ್ರೆ ಕೊಡದಿದ್ದರೆ ಮತವೂ ಇಲ್ಲ ಎಂದು ಜನ ಹಟ ಹಿಡಿದರು. ಆ ಬೇಡಿಕೆ ನ್ಯಾಯವಾದದ್ದು, ಈಡೇರುವವರೆಗೂ ಅದನ್ನು ಬಿಡಬಾರದು. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ನಮ್ಮ ಮನವಿಪತ್ರಗಳಲ್ಲಿ ಕಾಣಿಸುವುದೇ ಇಲ್ಲ. ಜೀವ ಉಳಿಸಿಕೊಂಡು ಮನೆಗೆ ಬಂದವರನ್ನು ಮಂಚದಿಂದ ಎಬ್ಬಿಸಿ, ಕೂರಿಸಿ, ನಿಲ್ಲಿಸಿ, ಬಚ್ಚಲಿನವರೆಗಾದರೂ ನಡೆಯುವ ಹಾಗೆ ಮಾಡುವವರು ಯಾರು? ಆ ಕೆಲಸ ಕಲಿತ ಫಿಸಿಯೋಥೆರಪಿಸ್ಟುಗಳಿಗೆ ಈ ಕರಾವಳಿಯಲ್ಲಿ ನೆಲೆ ನಿಲ್ಲುವ ದಾರಿಯೇ ಕಾಣುತ್ತಿಲ್ಲ. ಈಗ ಎಚ್ಚರಗೊಳ್ಳದಿದ್ದರೆ, ನಾಳೆ ದೊಡ್ಡ ಆಸ್ಪತ್ರೆ ಬಂದರೂ ಅಲ್ಲಿ ಬದುಕಿದವರು ಮನೆಯಲ್ಲಿ ಮಲಗಿದಲ್ಲೇ ಉಳಿಯುತ್ತಾರೆ.

ಕುಮಟಾ ತಾಲೂಕಿನ ಧಾರೇಶ್ವರದಲ್ಲಿ ನಿಂತು ನೋಡಿದರೆ ಇದು ದೂರದ ಮಾತಲ್ಲ. ಧಾರಾನಾಥನ ಗುಡಿಯ ಈ ಊರನ್ನು ಸೀಳಿಕೊಂಡು ಹೋಗುವುದು ರಾಷ್ಟ್ರೀಯ ಹೆದ್ದಾರಿ 66. ರಸ್ತೆ ಅಗಲವಾದಂತೆ ವಾಹನಗಳ ವೇಗ ಏರಿದೆ. ಬೈಕಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡವರು, ಬೆನ್ನುಹುರಿಗೆ ಏಟು ತಿಂದವರು ಹೆದ್ದಾರಿಯ ಆಚೀಚಿನ ಊರುಗಳಲ್ಲಿ ಹೊಸಬರಲ್ಲ. ಮೂಡಣ ದಿಕ್ಕಿಗೆ ಹೋದರೆ ಅಡಿಕೆ ತೋಟ. ಕೊನೆ ಕೊಯ್ಯುವಾಗ ಮರದಿಂದ ಜಾರಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರನ್ನು ಅರಿಯದ ಊರು ಇಲ್ಲಿ ಕಡಿಮೆ. ಪಡುವಣಕ್ಕೆ ಕಡಲು. ಬಲೆ ಎಳೆದು ಬೆನ್ನು ಹೋದ ಗಂಡಸರು, ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ಮೊಣಕಾಲು ಸವೆದ ಹೆಂಗಸರು, ಅಘನಾಶಿನಿಯ ಅಳಿವೆಯಲ್ಲಿ ಬೆಳಗಿನಿಂದ ಬಗ್ಗಿಯೇ ಬೆಳಚು ಆಯ್ದು ಸೊಂಟ ನೆಟ್ಟಗಾಗದವರು. ಇವರೆಲ್ಲರ ಜೊತೆಗೆ ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ, ಭಟ್ಕಳದ ಕಡೆಯಾದರೆ ದುಬೈಯಲ್ಲೋ ಇದ್ದು, ಮನೆಯಲ್ಲಿ ಇಬ್ಬರೇ ಉಳಿದ ಮುದುಕರು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಒಮ್ಮೆ ಜಾರಿದರೆ ಸಾಕು, ಸೊಂಟದ ಎಲುಬು ಮುರಿಯುತ್ತದೆ.

ಪಾರ್ಶ್ವವಾಯುವನ್ನೇ ತೆಗೆದುಕೊಳ್ಳೋಣ. ಮೆದುಳಿನ ರಕ್ತನಾಳ ಕಟ್ಟಿಕೊಂಡವರಿಗೆ ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಸಿಗಬೇಕು. ಇಲ್ಲಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಹೇಗೋ ತಲುಪಿ, ಹೇಗೋ ಬದುಕಿ, ಹತ್ತು ಹದಿನೈದು ದಿನಕ್ಕೆ ಮನೆಗೆ ಬಂದರು ಎನ್ನಿ. ಮನೆಯವರು ನಿಟ್ಟುಸಿರು ಬಿಟ್ಟು ಇನ್ನೇನು ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜಕ್ಕೂ ಚಿಕಿತ್ಸೆಯ ಅರ್ಧ ಶುರುವಾಗುವುದು ಅಂದಿನಿಂದ. ಕಳೆದುಕೊಂಡ ಚಲನೆಯಲ್ಲಿ ಹೆಚ್ಚಿನ ಪಾಲು ಮರಳಿ ಬರುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ, ಅದೂ ದಿನದಿನವೂ ಸರಿಯಾದ ಅಭ್ಯಾಸ ನಡೆದರೆ. ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 15 ದಿನಗಳ ಖರ್ಚನ್ನು ನೋಡಿಕೊಳ್ಳುತ್ತದೆ. ಆರು ತಿಂಗಳ ಕೆಲಸಕ್ಕೆ 15 ದಿನ! ಹದಿನಾರನೆಯ ದಿನದಿಂದ ಎಲ್ಲವೂ ಮನೆಯವರ ಕಿಸೆಯಿಂದ.

ಆ ಹದಿನಾರನೆಯ ದಿನ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಈ ವೃತ್ತಿಯ ಬೆಲೆ ತಿಳಿಯುತ್ತದೆ. ಕೈಕಾಲು ಬಿದ್ದುಹೋದ ಯಜಮಾನರನ್ನು ಎಬ್ಬಿಸಲು ಹೆಂಡತಿ, ಮಗ ಇಬ್ಬರೂ ಸೇರಿ ಸ್ವಾಧೀನವಿಲ್ಲದ ಆ ಕೈಯನ್ನೇ ಹಿಡಿದು ಎಳೆಯುತ್ತಾರೆ. ಪ್ರೀತಿಯಿಂದಲೇ ಎಳೆಯುತ್ತಾರೆ. ನಾಲ್ಕು ವಾರದಲ್ಲಿ ಭುಜದ ಕೀಲು ಸಡಿಲಗೊಂಡು, ಮುಟ್ಟಿದರೆ ಕಿರುಚುವಂಥ ನೋವು ಶುರುವಾಗುತ್ತದೆ. ಫಿಸಿಯೋಥೆರಪಿಸ್ಟ್ ಮನೆಗೆ ಬಂದರೆ ಮೊದಲು ಮಾಡುವ ಕೆಲಸ ಆ ಎಳೆಯುವುದನ್ನು ನಿಲ್ಲಿಸುವುದು. ಮೊಣಕಾಲು ಮಡಿಸಿ, ಮಗ್ಗುಲಿಗೆ ಹೊರಳಿಸಿ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಬೆನ್ನಿನ ಹಲಗೆಗೆ ಕೈಕೊಟ್ಟು ಕೂರಿಸುವುದನ್ನು ಸೊಸೆಗೆ ಕಲಿಸುತ್ತಾರೆ. ಪಾದಗಳೆರಡೂ ನೆಲಕ್ಕೆ ಪೂರ್ತಿ ತಾಗಬೇಕು. ಮಂಚ ಎತ್ತರವಾದರೆ ಕೆಳಗೊಂದು ಮಣೆ ಇಡಿಸುತ್ತಾರೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆಂದು ಹೇಳಿ ಗೋಡೆಯ ಮೇಲೆ ಚೀಟಿ ಅಂಟಿಸುತ್ತಾರೆ. ಭುಜ ಬಿಗಿದವರಿಗೆ ಮಾಡಿನ ಪಕಾಸಿಗೆ ಹಗ್ಗ ಹಾಯಿಸಿ, ಒಳ್ಳೆಯ ಕೈಯಿಂದ ಸೋತ ಕೈಯನ್ನು ಎತ್ತಿಸುವ ಏರ್ಪಾಟು ಮಾಡಿದವರೂ ಇದ್ದಾರೆ.

‘ಇವತ್ತು ಕರೆಂಟ್ ಕೊಡುದಿಲ್ವಾ ಮೇಡಂ?’ ಎಂದು ಮನೆಯ ಹಿರಿಯ ಹೆಂಗಸು ಕೇಳುತ್ತಾರೆ. ‘ಇಲ್ಲ ಅಮ್ಮಾ, ಇವತ್ತು ಅವ್ರು ಕುರ್ಚಿಯಿಂದ ಹತ್ತು ಸಲ ಏಳ್ಬೇಕು. ನೀವು ಎದುರಿಗೆ ಕೂತು ಎಣಿಸಿ.’ ಈ ಉತ್ತರ ಕೊಡುವುದಕ್ಕೆ ವಿದ್ಯೆಯ ಜೊತೆಗೆ ಧೈರ್ಯವೂ ಬೇಕು. ಕರೆಂಟ್ ಕೊಡುವ ಯಂತ್ರ ತರದ ಫಿಸಿಯೋಥೆರಪಿಸ್ಟಿಗೆ ಮುಂದಿನ ವಾರ ಕರೆ ಬಾರದೆ ಹೋಗಬಹುದು.

ಈ ಭಾಗದಲ್ಲಿ ಲಕ್ವ ಹೊಡೆದರೆ ಅಂಕೋಲೆಯ ಬೆಳಂಬಾರದ ನಾಟಿ ಔಷಧಿಗೆ ಹೋಗುವ ರೂಢಿ ಬಹಳ ಹಿಂದಿನದು. ಬಡವರ ಕೈಗೆಟಕುವಂತೆ ಅಕ್ಕರೆಯಿಂದ ನೋಡುತ್ತಾರೆಂಬುದೇ ಆ ಔಷಧಿ ಪಡೆದ ಹೆಸರಿಗೆ ಕಾರಣ. ಅಲ್ಲಿಗೆ ಹೋಗುವವರನ್ನು ಹೀಗಳೆಯುವುದರಿಂದ ಏನೂ ಆಗದು. ಹೋಗುವ ಮುಂಚೆ ಆಸ್ಪತ್ರೆಗೆ ಹೋಗಬೇಕು, ಬಂದ ಮೇಲೆ ದಿನದ ಅಭ್ಯಾಸ ಬಿಡಬಾರದು ಎಂದು ಹೇಳುವವರು ಊರಲ್ಲಿ ಇರಬೇಕು. ಅವರಿಲ್ಲದಿರುವುದೇ ಸಂಕಟ.

ಯಾಕಿಲ್ಲ? ಈ ವೃತ್ತಿಯ ದಿನಚರಿ ನೋಡಿದರೆ ಉತ್ತರ ಸಿಗುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದವರು ನಾಲ್ಕು ವರ್ಷ ಪಾಠ, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದಾರೆ. ನಮ್ಮ ಮಕ್ಕಳು ಇದಕ್ಕಾಗಿ ಮಂಗಳೂರು, ಮಣಿಪಾಲ, ಧಾರವಾಡ, ಬೆಳಗಾವಿಗೆ ಹೋಗಿ ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಉಳಿಯಬೇಕು. ಖಾಸಗಿ ಕಾಲೇಜಿನ ಶುಲ್ಕಕ್ಕೆ ಅಡಿಕೆ ಮಾರಿದ ದುಡ್ಡು, ಸೊಸೈಟಿಯ ಸಾಲ. ಇಂಟರ್ನ್‌ಶಿಪ್ಪಿನಲ್ಲಿ ಎಷ್ಟೋ ಕಡೆ ಶಿಷ್ಯವೇತನವೇ ಇಲ್ಲ. ಅಷ್ಟೆಲ್ಲ ಆದ ಮೇಲೆ ಸಣ್ಣ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಸಿಗುವ ಮೊದಲ ಸಂಬಳ ಎಷ್ಟೋ ಸಲ ಇಪ್ಪತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಹೊರರೋಗಿಗಳು, ಸಂಜೆ ಸ್ಕೂಟರಿನಲ್ಲಿ ಮನೆಭೇಟಿ. ಮನೆಭೇಟಿಯ ಆದಾಯ ಇಲ್ಲದಿದ್ದರೆ ಸಂಸಾರ ನಡೆಯದು. ಜೂನ್ ಬಂತೆಂದರೆ ಆ ಆದಾಯವೂ ಅರ್ಧ; ಕಾಲುಸಂಕ ದಾಟಿ ಹೋಗಬೇಕಾದ ಮನೆಗಳಿಗೆ ಮಳೆ ಬಿಡುವವರೆಗೆ ಹೋಗಲಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಕತ್ತಲಾದ ಮೇಲೆ ಗುರುತಿಲ್ಲದ ಮನೆಗೆ ಒಬ್ಬರೇ ಹೋಗುವ ಅಳುಕು ಬೇರೆ.

ದೇಹವೂ ಸವೆಯುತ್ತದೆ. ಎಪ್ಪತ್ತು ಕಿಲೋ ತೂಕದ, ತನ್ನ ಸ್ವಾಧೀನದಲ್ಲಿಲ್ಲದ ಒಬ್ಬರನ್ನು ಮಂಚದಿಂದ ಗಾಲಿಕುರ್ಚಿಗೆ ದಿನಕ್ಕೆ ಹಲವು ಸಲ ದಾಟಿಸುವವರಿಗೆ ಸೊಂಟನೋವು ಬಾರದೆ ಇರುತ್ತದೆಯೇ? ಈ ವೃತ್ತಿಯವರಲ್ಲಿ ಸೊಂಟ, ಕತ್ತು, ಹೆಬ್ಬೆರಳಿನ ನೋವು ಹೆಚ್ಚೆಂದು ಜಗತ್ತಿನ ಹಲವೆಡೆಯ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕೀಲುಗಳನ್ನು ಒತ್ತಿ ಒತ್ತಿ ಹೆಬ್ಬೆರಳು ಸೋಲುತ್ತದೆ. ಸಹಾಯಕರಿಲ್ಲದ ಸಣ್ಣ ಕ್ಲಿನಿಕ್ಕಿನಲ್ಲಿ ಈ ಭಾರವೆಲ್ಲ ಒಬ್ಬರದೇ.

ಹೀಗಿರುವಾಗ ಐರ್ಲೆಂಡಿನಲ್ಲೋ ಬ್ರಿಟನ್ನಿನಲ್ಲೋ ಕೊಲ್ಲಿ ದೇಶದಲ್ಲೋ ಪರೀಕ್ಷೆ ಕಟ್ಟಿ ಹೋಗುವವರನ್ನು ದೂರುವ ಅಧಿಕಾರ ನಮಗಿಲ್ಲ. ಹೋಗಲಾರದವರು ಬೆಂಗಳೂರಿನ ಕ್ರೀಡಾ ಕ್ಲಿನಿಕ್ಕು, ಕಾರ್ಪೊರೇಟ್ ಆಸ್ಪತ್ರೆ ಸೇರುತ್ತಾರೆ. ಇನ್ನು ಕೆಲವರು ವೃತ್ತಿಯನ್ನೇ ಬಿಟ್ಟು ವೈದ್ಯಕೀಯ ವಿಮೆ, ಕೋಡಿಂಗ್ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಊರಲ್ಲಿ ಉಳಿದವರು ಬಹುಪಾಲು ಮದುವೆ, ತೋಟ, ವಯಸ್ಸಾದ ತಂದೆತಾಯಿ ಎಂಬ ಕಾರಣಕ್ಕೆ ಉಳಿದವರು. ವೃತ್ತಿಯೇ ಉಳಿಸಿಕೊಂಡವರು ಬೆರಳೆಣಿಕೆ.

ಉಳಿದವರ ಮನೋಭಾವದ ಬಗ್ಗೆಯೂ ನೇರವಾಗಿ ಮಾತಾಡಬೇಕು. ಕಷ್ಟದ ವೃತ್ತಿ ಎಂಬ ಕಾರಣಕ್ಕೆ ಅದರ ತಪ್ಪುಗಳನ್ನು ಮುಚ್ಚಿಡಲಾಗದು. ಮೊಣಕಾಲು ನೋವೆಂದು ಬಂದವರನ್ನು ಮಲಗಿಸಿ, ಯಂತ್ರದ ಪ್ಯಾಡ್ ಅಂಟಿಸಿ, ಹದಿನೈದು ನಿಮಿಷಕ್ಕೆ ಗಡಿಯಾರ ತಿರುಗಿಸಿ, ಮೊಬೈಲ್ ಹಿಡಿದು ಕೂರುವ ಪದ್ಧತಿ ಬೆಳೆದಿದೆ. ಐಎಫ್‌ಟಿ, ಟೆನ್ಸ್, ಅಲ್ಟ್ರಾಸೌಂಡ್ ಎಂಬ ಈ ಯಂತ್ರಗಳೆಲ್ಲ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಹುದು. ಸವೆದ ಮೊಣಕಾಲಿಗೆ ಬಲ ಬರುವುದು ತೊಡೆಯ ಸ್ನಾಯು ಗಟ್ಟಿಯಾದಾಗ. ಇದು ಫಿಸಿಯೋಥೆರಪಿಸ್ಟುಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹತ್ತು ಸಿಟ್ಟಿಂಗ್ ಪ್ಯಾಕೇಜು ಮಾರುತ್ತಾರೆ, ಏಕೆಂದರೆ ಜನ ಕರೆಂಟ್ ಕೇಳುತ್ತಾರೆ, ಕಳಿಸಿದ ವೈದ್ಯರು ಚೀಟಿಯಲ್ಲಿ ಯಂತ್ರದ ಹೆಸರನ್ನೇ ಬರೆದಿರುತ್ತಾರೆ, ಸಾಲ ಮಾಡಿ ತಂದ ಯಂತ್ರದ ಕಂತು ತೀರಬೇಕಿರುತ್ತದೆ. ವ್ಯಾಯಾಮ ಹೇಳಿಕೊಟ್ಟರೆ ರೋಗಿ ಮನೆಯಲ್ಲಿ ಮಾಡುವುದಿಲ್ಲ ಎಂಬ ದೂರು ಸದಾ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಚಿತ್ರದ ಹಾಳೆ ಕೈಗಿತ್ತು ಕಳಿಸಿದರೆ ಯಾರು ಮಾಡುತ್ತಾರೆ? ಯಾಕೆ ಮಾಡಬೇಕು, ಎಷ್ಟು ನೋವು ಬಂದರೆ ನಿಲ್ಲಿಸಬೇಕು, ಹಾಲು ಕರೆಯುವಾಗ ಹೇಗೆ ಕೂರಬೇಕು ಎಂದು ಅವರ ಕೆಲಸದ ಮಾತಿನಲ್ಲೇ ಹೇಳಿದವರಿಗೆ ಫಲ ಸಿಕ್ಕಿದೆ.

ಇನ್ನೊಂದು ಕಡೆ ಇಡೀ ವೃತ್ತಿಯ ಶಕ್ತಿ ಹೆಸರಿನ ಹಿಂದಿನ ‘ಡಾ’ ಅಕ್ಷರದ ಜಗಳದಲ್ಲಿ ಸೋರುತ್ತಿದೆ. 2025ರ ಸೆಪ್ಟೆಂಬರ್ 8ರಂದು ವಿಶ್ವ ಫಿಸಿಯೋಥೆರಪಿ ದಿನ ನಡೆಯಿತು. ಆ ವರ್ಷದ ವಿಷಯ ಆರೋಗ್ಯಕರ ಮುಪ್ಪು, ವೃದ್ಧರು ಬೀಳದಂತೆ ತಡೆಯುವುದು. ಮರುದಿನವೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಫಿಸಿಯೋಥೆರಪಿಸ್ಟುಗಳು ಆ ಅಕ್ಷರ ಬಳಸಕೂಡದೆಂದು ಪತ್ರ ಬರೆಯಿತು, ಅದರ ಮರುದಿನ ಹಿಂತೆಗೆದುಕೊಂಡಿತು. ದೇಶದ ಪತ್ರಿಕೆಗಳೆಲ್ಲ ಆ ಪತ್ರದ ಬಗ್ಗೆ ಬರೆದವು. ಮುದುಕರು ಬೀಳುವ ವಿಷಯ ಎಲ್ಲೋ ಕಳೆದುಹೋಯಿತು. ತಮ್ಮ ಮೇಲೆ ವೈದ್ಯರ ಯಜಮಾನಿಕೆ ಇರಬಾರದು, ತಾವೇ ಪರೀಕ್ಷಿಸಿ ತೀರ್ಮಾನಿಸುವಷ್ಟು ಓದಿದ್ದೇವೆ ಎಂಬ ಅವರ ವಾದದಲ್ಲಿ ಹುರುಳಿದೆ ಎಂದೇ ನಮ್ಮ ಅಭಿಪ್ರಾಯ. ಆದರೆ ಆ ಗೌರವ ಗಟ್ಟಿಯಾಗುವುದು ತಾಲೂಕು ಆಸ್ಪತ್ರೆಯಲ್ಲಿ ಕಾಯಂ ಹುದ್ದೆ, ತಕ್ಕ ಸಂಬಳ, ತಪ್ಪು ಮಾಡಿದವರನ್ನು ಕೇಳುವ ಮಂಡಳಿ ಬಂದಾಗ. ಅದಕ್ಕಾಗಿ ಸಂಘಗಳು ಇಷ್ಟೇ ಗಟ್ಟಿ ದನಿಯಲ್ಲಿ ಕೂಗಬೇಕಿತ್ತು.

ಮಂಡಳಿಯ ಮಾತು ಬಂದಿತು. ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ 2021ರಲ್ಲಿ ಬಂತು. ಅಲ್ಲಿಯವರೆಗೆ ಈ ವೃತ್ತಿಗೆ ದೇಶದ ಮಟ್ಟದಲ್ಲಿ ನೋಂದಣಿಯ ಕಾನೂನೇ ಇರಲಿಲ್ಲ ಎಂದರೆ ಹೊಸ ಓದುಗರಿಗೆ ಆಶ್ಚರ್ಯವಾಗಬಹುದು. ಮೂರು ತಿಂಗಳು ಮಾಲೀಶು ಕಲಿತವರೂ ಬೋರ್ಡು ಹಾಕಿಕೊಳ್ಳಲು ಅಡ್ಡಿ ಇಲ್ಲದ ಸ್ಥಿತಿ ಉಳಿದದ್ದು ಇದರಿಂದ. 2025ರಲ್ಲಿ ಬಂದ ಹೊಸ ಪಠ್ಯಕ್ರಮದ ಪ್ರಕಾರ ಪದವಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷ, ಪ್ರವೇಶಕ್ಕೆ ನೀಟ್ ದಾರಿ. ಶಿಕ್ಷಣ ಗಟ್ಟಿಯಾಗುವುದು ಒಳ್ಳೆಯದೇ. ಆದರೆ ಸಂಬಳ ಅಲ್ಲೇ ನಿಂತು ಖರ್ಚು ಮಾತ್ರ ಏರಿದರೆ ಯಾರು ಓದುತ್ತಾರೆ? ಕೋಚಿಂಗಿಗೆ ಹಣ ಸುರಿಯಬಲ್ಲ ಮನೆಯವರು. ಅಷ್ಟು ಖರ್ಚು ಮಾಡಿದವರು ಕುಮಟಾಕ್ಕೆ ಮರಳಿ ಸ್ಕೂಟರಿನಲ್ಲಿ ಮನೆಭೇಟಿ ಮಾಡುತ್ತಾರೆಂದು ನಂಬುವುದು ಕಷ್ಟ. 2026ರಲ್ಲಿ ಸೇರಿದವರು ಹೊರಬರುವುದು 2031ಕ್ಕೆ. ನಮ್ಮ ಎಚ್ಚರಿಕೆಗೆ ಇರುವ ಗಡುವು ಅದೇ.

ಸಂಕಟವೇ ಈ ವೃತ್ತಿಯನ್ನು ನಮ್ಮ ದೇಶಕ್ಕೆ ತಂದದ್ದು. 1950ರ ಸುಮಾರಿಗೆ ಮುಂಬೈಯಲ್ಲಿ ಪೋಲಿಯೊ ಹರಡಿ ಮಕ್ಕಳ ಕಾಲುಗಳು ಸೋತಾಗ, ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯಿತು. 2014ರಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ನಮ್ಮ ಜಿಲ್ಲೆಗೆ ತನ್ನದೇ ಇನ್ನೊಂದು ಗಾಯವಿದೆ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳ ಫಲವನ್ನು ಕಾಸರಗೋಡು, ದಕ್ಷಿಣ ಕನ್ನಡದ ಹಾಗೆ ಕುಮಟಾ, ಹೊನ್ನಾವರ, ಭಟ್ಕಳದ ಹಳ್ಳಿಗಳೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು, ಆದರೆ ಬಿಗಿದ ಕೈಕಾಲುಗಳೊಂದಿಗೆ ಹುಟ್ಟಿದ ಮಕ್ಕಳು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ, ಅವರನ್ನು ಎತ್ತಿ ಮಲಗಿಸುವ ತಾಯಂದಿರು ಅರವತ್ತಕ್ಕೆ ಬಂದಿದ್ದಾರೆ. ಆ ತಾಯಿಯ ಸೊಂಟ ಹೋದ ದಿನ ಆ ಮನೆಯಲ್ಲಿ ಇಬ್ಬರು ಹಾಸಿಗೆ ಹಿಡಿಯುತ್ತಾರೆ. ಅಂಥ ಮನೆಗೆ ತಿಂಗಳಿಗೊಮ್ಮೆಯ ಶಿಬಿರ ಸಾಲದು, ವಾರಕ್ಕೆರಡು ಸಲ ಬಾಗಿಲಿಗೆ ಬರುವ ಕೈ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ 240 ಕೋಟಿ ಜನ ಪುನಶ್ಚೇತನ ಚಿಕಿತ್ಸೆಯಿಂದ ಅನುಕೂಲ ಪಡೆಯಬಲ್ಲ ಸ್ಥಿತಿಯಲ್ಲಿದ್ದಾರೆ. ಕೆಲವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ಲಕ್ಷ ಜನರಿಗೆ ಇಂಥ ಪರಿಣತರು ಹತ್ತು ಮಂದಿಯೂ ಇಲ್ಲ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಸೇರಿದರೆ 2011ರ ಜನಗಣತಿಯಲ್ಲೇ ನಾಲ್ಕೂವರೆ ಲಕ್ಷ ದಾಟಿದ ಜನ. ನಮ್ಮ ಮೂರು ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ, ಎಷ್ಟು ಗುತ್ತಿಗೆಯವು ಎಂಬುದನ್ನು ಆರೋಗ್ಯ ಇಲಾಖೆ ಆಸ್ಪತ್ರೆಯ ಬಾಗಿಲಲ್ಲೇ ಬರೆದು ಹಾಕಬೇಕು. ವೃದ್ಧರ ಆರೋಗ್ಯ ಸೇವೆಯ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡಬೇಕೆಂದು ಅದರಲ್ಲೇ ಬರೆದಿದೆ. ಹೊಸ ಯೋಜನೆ ಬೇಡ, ಬರೆದದ್ದು ನಡೆಯಲಿ.

ಆಗಬೇಕಾದದ್ದು ದೊಡ್ಡದಲ್ಲ. ತಾಲೂಕಿಗೆ ಕನಿಷ್ಠ ಇಬ್ಬರು ಕಾಯಂ ಫಿಸಿಯೋಥೆರಪಿಸ್ಟುಗಳು: ಒಬ್ಬರು ಆಸ್ಪತ್ರೆಯಲ್ಲಿ, ಒಬ್ಬರು ಪೂರ್ತಿ ಮನೆಭೇಟಿಗೆ, ವಾಹನ ಭತ್ಯೆ ಸಹಿತ. ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನ ಇಡೀ ತಾಲೂಕಿಗೆ ರಜೆ. ಪ್ರತಿ ಪಂಚಾಯತಿಗೊಬ್ಬರಂತೆ ಅಂಗವಿಕಲರ ಇಲಾಖೆಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅಲ್ಪ ಗೌರವಧನಕ್ಕೆ ದುಡಿಯುವ, ಹಲವರು ತಾವೇ ಅಂಗವಿಕಲರಾದ, ಊರಿನ ಪ್ರತಿ ಮನೆ ಬಲ್ಲವರು. ಮಗ್ಗುಲು ಬದಲಿಸುವುದು, ಕೂರಿಸುವುದು, ಬಿಗಿದ ಕೀಲನ್ನು ಮೆಲ್ಲಗೆ ಆಡಿಸುವುದು ಇಷ್ಟನ್ನು ಇವರಿಗೂ ಆಶಾ ಕಾರ್ಯಕರ್ತೆಯರಿಗೂ ಫಿಸಿಯೋಥೆರಪಿಸ್ಟ್ ಕಲಿಸಿ, ವಾರಕ್ಕೊಮ್ಮೆ ಬಂದು ನೋಡಿಕೊಂಡರೆ ಒಬ್ಬರ ಕೆಲಸ ಹತ್ತು ಮನೆಗೆ ಹಂಚಿಹೋಗುತ್ತದೆ. ಇದರಿಂದ ತಮ್ಮ ವೃತ್ತಿಗೆ ಕುತ್ತು ಬಂದೀತೆಂದು ಫಿಸಿಯೋಥೆರಪಿಸ್ಟುಗಳು ಹೆದರಬೇಕಾಗಿಲ್ಲ. ಎಲ್ಲಿ ನಿಲ್ಲಿಸಬೇಕು, ಯಾವಾಗ ತಮ್ಮನ್ನು ಕರೆಯಬೇಕು ಎಂಬುದನ್ನು ಬರೆದು ಕೊಡುವವರೂ ಅವರೇ. ನಮ್ಮ ಸೇವಾ ಸಹಕಾರಿ ಸಂಘಗಳು ಲಾಭದ ಒಂದು ಪಾಲಿನಲ್ಲಿ ಗಾಲಿಕುರ್ಚಿ, ವಾಕರ್, ಗಾಳಿಹಾಸಿಗೆಗಳನ್ನು ಕೊಂಡು ಸದಸ್ಯರಿಗೆ ಎರವಲು ಕೊಡಬಹುದು. ಬಿಪಿಟಿ ಓದುವ ಊರಿನ ಮಕ್ಕಳಿಗೆ, ಮರಳಿ ಬಂದು ಮೂರು ವರ್ಷ ಇಲ್ಲೇ ದುಡಿಯುವ ಕರಾರಿನ ಮೇಲೆ, ಬಡ್ಡಿಯಿಲ್ಲದ ಸಾಲ ಕೊಡುವುದು ಅವುಗಳಿಗೆ ಅಸಾಧ್ಯವಲ್ಲ.

ಮನೆಯವರಿಗೂ ಇಂದೇ ಮಾಡಬಹುದಾದ ಕೆಲಸವಿದೆ. ಆಸ್ಪತ್ರೆಯಿಂದ ಬಿಡುಗಡೆ ಮಾಡಿಸಿಕೊಳ್ಳುವ ದಿನ ಮಾತ್ರೆಯ ಚೀಟಿಯೊಂದನ್ನೇ ಹಿಡಿದು ಹೊರಡಬೇಡಿ. ಎಷ್ಟು ದಿನದ ಮೇಲೆ ಕಾಲಿಗೆ ಭಾರ ಹಾಕಬಹುದು, ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ, ಏನಾದರೆ ನಿಲ್ಲಿಸಬೇಕು ಎಂಬುದನ್ನು ಅಲ್ಲಿನ ಫಿಸಿಯೋಥೆರಪಿಸ್ಟರಿಂದ ಕನ್ನಡದಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ನೋಡಿಕೊಳ್ಳುವವರು ಯಾರೋ ಅವರೇ ಆಸ್ಪತ್ರೆಯಲ್ಲಿ ರೋಗಿಯನ್ನು ಒಂದು ಸಲವಾದರೂ ಎಬ್ಬಿಸಿ ಕೂರಿಸಿ ಕಲಿತುಕೊಳ್ಳಿ. ಅಭ್ಯಾಸ ಮಾಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ತಾಲೂಕು ಆಸ್ಪತ್ರೆಗೆ ಹೋಗಿ ಫಿಸಿಯೋಥೆರಪಿ ಇಲ್ಲವೆಂದು ಹೇಳಿಸಿಕೊಂಡರೆ, ಹಾಗೆಂದು ಹೊರರೋಗಿ ಚೀಟಿಯ ಹಿಂದೆ ಬರೆಸಿಕೊಂಡು ಅದರ ಪ್ರತಿಯನ್ನು ತಾಲೂಕು ಆರೋಗ್ಯಾಧಿಕಾರಿಗೆ, ಶಾಸಕರ ಕಚೇರಿಗೆ ಕೊಡಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಮುಂದಿನ ಮನವಿ ಸಲ್ಲಿಸುವ ಸಂಘಟನೆಗಳು ಆ ಚೀಟಿಗಳನ್ನು ಮನವಿಯ ಜೊತೆ ಲಗತ್ತಿಸಲಿ, ಪುನಶ್ಚೇತನ ವಿಭಾಗವನ್ನು ಮೊದಲ ನಕ್ಷೆಯಲ್ಲೇ ಸೇರಿಸಬೇಕೆಂದು ಕೇಳಲಿ.